ಪ್ರೌಢಶಾಲೆಯಲ್ಲಿ ಲ್ಯಾಟಿನ್: ವರ್ಗಾವಣೆಯ ವಾದ ಮತ್ತು ವಿಭಕ್ತಿಯ ಅರಿವು

ಯುರೋಪಿನ ಪ್ರೌಢಶಾಲೆಗಳಲ್ಲಿ ಲ್ಯಾಟಿನ್ ಬೋಧನೆಯನ್ನು ಸಮರ್ಥಿಸುವಾಗ ಎರಡು ವಾದಗಳು ಮರುಕಳಿಸುತ್ತವೆ: ಅದು ಬುದ್ಧಿಗೆ ಶಿಸ್ತು ಕೊಡುತ್ತದೆ, ಅನ್ಯಭಾಷೆಗಳ ಕಲಿಕೆಯನ್ನು ಸುಗಮಗೊಳಿಸುತ್ತದೆ. ಎರಡನೆಯ ವಾದವನ್ನು ನಾವಿಲ್ಲಿ ಭಾಷಾರಚನೆಯ ನೆಲೆಯಿಂದ ಪರಿಶೀಲಿಸುತ್ತೇವೆ.

ಲುಡ್ವಿಗ್ ಹಾಗ್ ಮತ್ತು ಎಲ್ಸ್‌ಬೆತ್ ಸ್ಟರ್ನ್ 2003ರಲ್ಲಿ ಪ್ರಕಟಿಸಿದ ಅಧ್ಯಯನವು, ಶಾಲೆಯಲ್ಲಿ ಲ್ಯಾಟಿನ್ ಕಲಿತಿದ್ದ ಹಾಗೂ ಫ್ರೆಂಚ್ ಕಲಿತಿದ್ದ ಜರ್ಮನ್ ಭಾಷಿಕರ ಸ್ಪ್ಯಾನಿಷ್ ಕಲಿಕೆಯನ್ನು ಹೋಲಿಸಿತು. ಫ್ರೆಂಚ್ ಕಲಿತವರಲ್ಲಿ ವ್ಯಾಕರಣದೋಷಗಳು ಕಡಿಮೆಯಿದ್ದವು. ಸ್ಪ್ಯಾನಿಷ್ ಲ್ಯಾಟಿನ್ನಿನಿಂದಲೇ ಹುಟ್ಟಿದ ಭಾಷೆಯಾದುದರಿಂದ ಈ ಫಲಿತಾಂಶ ಅಚ್ಚರಿ ತರಬಹುದು. ಆದರೆ ವಂಶಸಂಬಂಧ ಬೇರೆ, ರಚನಾಸಾಮ್ಯ ಬೇರೆ. 'ಹುಡುಗಿಗೆ' ಎಂಬರ್ಥವನ್ನು ಲ್ಯಾಟಿನ್, ಕನ್ನಡದಂತೆಯೇ, ಪದದ ಕೊನೆಯಲ್ಲಿ ಸೂಚಿಸುತ್ತದೆ: 'ಪುಎಲ್ಲೈ'. ಸ್ಪ್ಯಾನಿಷ್ಷಿನ 'ಆ ಲಾ ಚೀಕಾ', ಫ್ರೆಂಚಿನ 'ಆ ಲಾ ಫೀಯ್' ಎರಡೂ ಪೂರ್ವಸರ್ಗವನ್ನೂ ನಿಶ್ಚಯವಾಚಿ ಉಪಪದವನ್ನೂ ಬಳಸುತ್ತವೆ. ತಾಯಿಗಿಂತ ಸೋದರಿಯೇ ಇಲ್ಲಿ ಹತ್ತಿರದವಳು.

ಹಾಗಾದರೆ ಲ್ಯಾಟಿನ್ ಕಲಿಕೆ ನಿಷ್ಪ್ರಯೋಜಕವೇ? ಅಲ್ಲವೆಂಬುದು ನಮ್ಮ ನಿಲುವು. ಪ್ರಯೋಜನವನ್ನು ಬೇರೆಡೆ ಹುಡುಕಬೇಕು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳು 1960ರಲ್ಲಿ ಪ್ರವೇಶಕ್ಕೆ ಲ್ಯಾಟಿನ್ ಕಡ್ಡಾಯವೆಂಬ ನಿಯಮವನ್ನು ಕೈಬಿಟ್ಟ ಬಳಿಕ ಇಂಗ್ಲೆಂಡಿನಲ್ಲಿ ಬೋಧನಕ್ರಮದ ಮರುಚಿಂತನೆ ಅನಿವಾರ್ಯವಾಯಿತು. 1970ರಿಂದ ಪ್ರಕಟವಾದ ಕೇಂಬ್ರಿಡ್ಜ್ ಲ್ಯಾಟಿನ್ ಪಠ್ಯಮಾಲೆ ಅದರ ಫಲ. ಅದು ರೂಪಾವಳಿಯ ಕಂಠಪಾಠದಿಂದಲ್ಲ, ಪೊಂಪೇಯಿ ನಗರದ ಲೇವಾದೇವಿಗಾರ ಕೇಸಿಲಿಯಸ್ ಯುಕುಂಡಸ್‌ನ ಮನೆಯಿಂದ ಆರಂಭವಾಗುತ್ತದೆ. ಆತ ಐತಿಹಾಸಿಕ ವ್ಯಕ್ತಿ. ಅವನ ವ್ಯವಹಾರದ ಮೇಣದ ಫಲಕಗಳು 1875ರಲ್ಲಿ ದೊರೆತವು. ಮೊದಲ ಪಾಠದಲ್ಲಿ ಮುಖ್ಯವಾಗಿ ಪ್ರಥಮಾ ವಿಭಕ್ತಿಯಿದೆ. ದ್ವಿತೀಯೆ ಎರಡನೆಯ ಪಾಠದಲ್ಲಿ ಬರುತ್ತದೆ.

'ಕನಿಸ್ ಹೊಮಿನೆಮ್ ಮೊರ್ದೆತ್' ಎಂದರೆ 'ನಾಯಿ ಮನುಷ್ಯನನ್ನು ಕಚ್ಚುತ್ತದೆ'. ಮೊದಲೆರಡು ಪದಗಳನ್ನು ಅದಲುಬದಲು ಮಾಡಿದರೂ ಕಚ್ಚುವುದು ನಾಯಿಯೇ. ಕನ್ನಡ ಭಾಷಿಕರಿಗೆ ಇದು ಸಹಜ. ಪದಕ್ರಮದಿಂದಲೇ ಕರ್ತೃಕರ್ಮಗಳನ್ನು ಗುರುತಿಸುವ ಇಂಗ್ಲಿಷ್ ಭಾಷಿಕ ವಿದ್ಯಾರ್ಥಿಗಾದರೋ, ವ್ಯಾಕರಣಸಂಬಂಧವು ಸ್ಥಾನದಲ್ಲಲ್ಲದೆ ಪ್ರತ್ಯಯದಲ್ಲಿಯೂ ನೆಲೆಸಬಲ್ಲುದೆಂಬ ಅರಿವು ಇಲ್ಲಿ ಮೂಡುತ್ತದೆ.

ಆದ್ದರಿಂದ ಲ್ಯಾಟಿನ್ನನ್ನು ಇತರ ಭಾಷೆಗಳ ಮೆಟ್ಟಿಲೆಂದು ಸಮರ್ಥಿಸುವುದು ದುರ್ಬಲ ವಾದ. ಆ ಭಾಷೆಗಳನ್ನೇ ನೇರವಾಗಿ ಕಲಿಸಬಹುದೆಂಬ ಉತ್ತರ ಅದಕ್ಕೆ ಸಿದ್ಧವಾಗಿದೆ. ಸ್ವಭಾಷೆಯ ರಚನೆಯೊಂದೇ ಸಾಧ್ಯವಾದ ರಚನೆಯಲ್ಲವೆಂಬ ತಿಳಿವಳಿಕೆ, ಪ್ರಾಚೀನರ ಬರಹವನ್ನು ಅವರದೇ ಭಾಷೆಯಲ್ಲಿ ಓದುವ ಸಾಮರ್ಥ್ಯ—ಇವೆರಡೂ ಶಾಲೆಯಲ್ಲಿ ಅದರ ಸ್ಥಾನಕ್ಕೆ ಹೆಚ್ಚು ದೃಢವಾದ ಆಧಾರಗಳು.