ಫ್ರೂಟ್‌ಲ್ಯಾಂಡ್ಸ್ ಸಮುದಾಯದ ಚಳಿಗಾಲ

ಫ್ರೂಟ್‌ಲ್ಯಾಂಡ್ಸ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಹಾರ್ವರ್ಡ್ ಎಂಬ ಹಳ್ಳಿಯ ಬಳಿ 1843ರ ಜೂನ್ ತಿಂಗಳಲ್ಲಿ ಆರಂಭವಾಗಿ 1844ರ ಜನವರಿಯಲ್ಲಿ ಮುಚ್ಚಿಹೋದ ಒಂದು ಗ್ರಾಮೀಣ ಆದರ್ಶ ಸಮುದಾಯ. (ಈ ಹಳ್ಳಿಗೂ ಅದೇ ಹೆಸರಿನ ವಿಶ್ವವಿದ್ಯಾಲಯಕ್ಕೂ ಸಂಬಂಧವಿಲ್ಲ, ವಿಶ್ವವಿದ್ಯಾಲಯವು ಕೇಂಬ್ರಿಜ್ ನಗರದಲ್ಲಿದೆ.) ಒಂದೇ ಧ್ಯೇಯವನ್ನು ಒಪ್ಪಿದ ಜನರು ಸ್ವಇಚ್ಛೆಯಿಂದ ಒಂದೆಡೆ ನೆಲೆಸಿ, ಭೂಮಿ, ದುಡಿಮೆ ಮತ್ತು ಊಟವನ್ನು ಹಂಚಿಕೊಂಡು ಬಾಳುವ ಇಂತಹ ವಸತಿಗಳನ್ನು ಸಂಕಲ್ಪಿತ ಸಮುದಾಯಗಳೆಂದು ಕರೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಇಂತಹ ಅನೇಕ ಪ್ರಯೋಗಗಳು ನಡೆದವು. ಅವುಗಳಲ್ಲಿ ಫ್ರೂಟ್‌ಲ್ಯಾಂಡ್ಸ್ ಅತ್ಯಂತ ಅಲ್ಪಾಯುವಾದವುಗಳಲ್ಲಿ ಒಂದು. ಅದರ ಸದಸ್ಯರು ಅಲ್ಲಿ ಒಂದು ಚಳಿಗಾಲವನ್ನೂ ಪೂರ್ತಿಯಾಗಿ ಕಳೆಯಲಿಲ್ಲ.

ಹಿನ್ನೆಲೆ

ಸಮುದಾಯದ ಸ್ಥಾಪಕರು ಇಬ್ಬರು. ಏಮಸ್ ಬ್ರಾನ್ಸನ್ ಆಲ್ಕಾಟ್ ಅವರು ಶಿಕ್ಷಣ ಸುಧಾರಕರು. ರಾಲ್ಫ್ ವಾಲ್ಡೋ ಎಮರ್ಸನ್ ಅವರ ಆಪ್ತ ಮಿತ್ರರು. ಟ್ರಾನ್ಸೆಂಡೆಂಟಲಿಸಂ ಎಂದು ಹೆಸರಾದ ಅತೀಂದ್ರಿಯವಾದಿ ಚಿಂತಕರ ಬಳಗಕ್ಕೆ ಸೇರಿದವರು. 1842ರಲ್ಲಿ ಅವರು ಎಮರ್ಸನ್ ಅವರ ಹಣದ ನೆರವಿನಿಂದ ಇಂಗ್ಲೆಂಡಿಗೆ ಹೋಗಿ, ತಮ್ಮ ಹೆಸರಿನಲ್ಲೇ ನಡೆಯುತ್ತಿದ್ದ ಒಂದು ಶಾಲೆಯನ್ನು ಕಂಡರು. ಹಿಂತಿರುಗುವಾಗ ಚಾರ್ಲ್ಸ್ ಲೇನ್ ಎಂಬ ಆಂಗ್ಲ ಸುಧಾರಕರು ತಮ್ಮ ಮಗನೊಂದಿಗೆ ಆಲ್ಕಾಟ್ ಅವರ ಜೊತೆಯಲ್ಲಿ ಬಂದರು. ಸುಮಾರು 90 ಎಕರೆಯ ಜಮೀನನ್ನು 1,800 ಡಾಲರಿಗೆ ಕೊಂಡದ್ದು ಲೇನ್ ಅವರ ಉಳಿತಾಯದಿಂದ. ಅದರಲ್ಲಿ ಉಳಲು ಯೋಗ್ಯವಾದ ಭಾಗ ಚಿಕ್ಕದಾಗಿತ್ತು. ಉಳಿದದ್ದು ಇಳಿಜಾರಿನ ಹುಲ್ಲುಗಾವಲು ಮತ್ತು ಕಾಡು. ‘ಫಲಭೂಮಿ’ ಎಂಬ ಅರ್ಥದ ಹೆಸರನ್ನು ಇಟ್ಟರೂ ಅಲ್ಲಿದ್ದದ್ದು ಕೆಲವೇ ಹಳೆಯ ಸೇಬಿನ ಮರಗಳು.

ಆಲ್ಕಾಟ್ ದಂಪತಿಗಳು, ಅವರ ನಾಲ್ವರು ಹೆಣ್ಣುಮಕ್ಕಳು, ಲೇನ್ ಮತ್ತು ಅವರ ಮಗ ಇಲ್ಲಿ ನೆಲೆಸಿದರು. ಬೇಸಿಗೆಯಲ್ಲಿ ಬಂದುಹೋದವರನ್ನು ಸೇರಿಸಿದರೂ ನಿವಾಸಿಗಳ ಸಂಖ್ಯೆ ಹದಿನಾಲ್ಕರ ಆಸುಪಾಸನ್ನು ಮೀರಲಿಲ್ಲ. ಹೆಣ್ಣುಮಕ್ಕಳಲ್ಲಿ ಎರಡನೆಯವಳಾದ ಲೂಯಿಸಾ ಮೇ ಆಲ್ಕಾಟ್ ಮುಂದೆ ‘ಲಿಟಲ್ ವಿಮೆನ್’ ಕಾದಂಬರಿಯ ಕರ್ತೃವಾಗಿ ಪ್ರಸಿದ್ಧಳಾದಳು. ಜುಲೈ ತಿಂಗಳಲ್ಲಿ ಇಲ್ಲಿಗೆ ಭೇಟಿ ಕೊಟ್ಟ ಎಮರ್ಸನ್ ಅವರಿಗೆ ಎಲ್ಲವೂ ಚೆನ್ನಾಗಿಯೇ ಕಂಡಿತು; ಆದರೆ ಡಿಸೆಂಬರಿನಲ್ಲಿ ಏನಾಗುವುದೋ ನೋಡಬೇಕು ಎಂಬ ಸಂಶಯವನ್ನು ತಮ್ಮ ದಿನಚರಿಯಲ್ಲಿ ಬರೆದುಕೊಂಡರು.

ನಿಯಮಗಳು ಮತ್ತು ಚಳಿ

ಫ್ರೂಟ್‌ಲ್ಯಾಂಡ್ಸ್‌ನ ನಿಯಮಗಳನ್ನು ಸಾಮಾನ್ಯವಾಗಿ ವಿಚಿತ್ರ ನಂಬಿಕೆಗಳ ಪಟ್ಟಿಯಂತೆ ವರ್ಣಿಸುವುದುಂಟು. ಅದು ನ್ಯಾಯವಲ್ಲ. ಅವುಗಳ ಹಿಂದೆ ಸ್ಪಷ್ಟವಾದ ನೈತಿಕ ತರ್ಕವಿತ್ತು: ಬೇರೊಂದು ಜೀವಿಯ ಶ್ರಮವನ್ನಾಗಲಿ ದೇಹವನ್ನಾಗಲಿ ಕಸಿದು ಬದುಕಬಾರದು. ಆದ್ದರಿಂದ ಮಾಂಸ, ಮೀನು, ಹಾಲು, ಬೆಣ್ಣೆ, ಮೊಟ್ಟೆ, ಜೇನು ಇವೆಲ್ಲವೂ ವರ್ಜ್ಯ. ಹತ್ತಿಯನ್ನು ಗುಲಾಮರು ಬೆಳೆಯುತ್ತಿದ್ದುದರಿಂದ ಹತ್ತಿಬಟ್ಟೆ ನಿಷಿದ್ಧ. ಉಣ್ಣೆ ಕುರಿಯ ಸ್ವತ್ತಾದುದರಿಂದ ಅದೂ ನಿಷಿದ್ಧ. ಉಳಿದದ್ದು ಅಗಸೆ ನಾರಿನಿಂದ ನೇಯ್ದ ಲಿನನ್ ಬಟ್ಟೆ. ಉಳುಮೆಗೆ ಎತ್ತು, ಕುದುರೆಗಳನ್ನು ಬಳಸದೆ ಗುದ್ದಲಿಯಿಂದಲೇ ಅಗೆಯಬೇಕು, ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಹಾಕಬಾರದು ಎಂಬುದೂ ಸಂಕಲ್ಪವಾಗಿತ್ತು. ಗುದ್ದಲಿಯ ಕೆಲಸ ಸಾಗದೆ ಹೋದಾಗ ಜೋಸೆಫ್ ಪಾಮರ್ ಎಂಬ ಸದಸ್ಯರು ತಮ್ಮ ಊರಿನಿಂದ ಎತ್ತು ಹಸುಗಳ ಜೋಡಿಯನ್ನು ತಂದು ಉಳುಮೆ ಮಾಡಿದರು.

ಈ ನಿಯಮಗಳು ಜೂನ್ ತಿಂಗಳಲ್ಲಿ ಕಠಿಣವೇನೂ ಅಲ್ಲ. ಆದರೆ ನ್ಯೂ ಇಂಗ್ಲೆಂಡ್ ಪ್ರಾಂತದ ರೈತನ ಚಳಿಗಾಲವು ಪ್ರಾಣಿಗಳನ್ನೇ ಆಧರಿಸಿತ್ತು. ಚಳಿ ಬಿದ್ದೊಡನೆ ಹಂದಿಯನ್ನು ಕೊಂದು ಮಾಂಸವನ್ನು ಉಪ್ಪಿನಲ್ಲಿ ಹಾಕಿಡುವುದು, ಬೇಸಿಗೆಯ ಹಾಲನ್ನು ಬೆಣ್ಣೆ ಮತ್ತು ಗಿಣ್ಣಾಗಿ ಮಾಡಿ ಕೂಡಿಡುವುದು, ಉಣ್ಣೆಯನ್ನು ನೂತು ಕಾಲುಚೀಲ ಹೆಣೆಯುವುದು, ಕೊಬ್ಬನ್ನು ಕರಗಿಸಿ ಮೇಣದಬತ್ತಿ ಎರೆಯುವುದು ಅಲ್ಲಿಯ ರೂಢಿ. ನೆಲ ಮಂಜುಗಟ್ಟಿ ಏನೂ ಬೆಳೆಯದ ತಿಂಗಳುಗಳನ್ನು ಅವರು ದಾಟುತ್ತಿದ್ದದ್ದು ಹೀಗೆ. ಇವನ್ನೆಲ್ಲ ಬಿಟ್ಟವನಿಗೆ ಉಳಿಯುವುದು ಧಾನ್ಯ, ಕಾಳು, ಆಲೂಗಡ್ಡೆ ಮತ್ತು ಸೇಬು. ಇವು ಕೂಡ ಸಾಕಷ್ಟಿದ್ದರೆ ಬದುಕಲು ಸಾಧ್ಯವಿತ್ತು. ಫ್ರೂಟ್‌ಲ್ಯಾಂಡ್ಸ್‌ನಲ್ಲಿ ಸಾಕಷ್ಟಿರಲಿಲ್ಲ.

ಲಿನನ್ ಬಟ್ಟೆಯ ವಿಷಯವೂ ಹಾಗೆಯೇ. ಉಣ್ಣೆಯ ಸುರುಳಿ ಎಳೆಗಳು ತಮ್ಮ ನಡುವೆ ಗಾಳಿಯನ್ನು ಹಿಡಿದಿಟ್ಟು ಮೈಯ ಬಿಸಿಯನ್ನು ಕಾಯುತ್ತವೆ. ಒದ್ದೆಯಾದಾಗಲೂ ಸ್ವಲ್ಪಮಟ್ಟಿಗೆ ಬೆಚ್ಚಗಿಡುತ್ತವೆ. ಲಿನನ್ ಇದಕ್ಕೆ ವಿರುದ್ಧ: ಅದು ಶಾಖವನ್ನು ಬೇಗ ಬಿಟ್ಟುಕೊಡುವುದರಿಂದಲೇ ಬೇಸಿಗೆಯ ಉಡುಪಾಗಿ ಹೆಸರು ಪಡೆದಿದೆ.

ಸುಗ್ಗಿ

ಜೂನ್ ತಿಂಗಳಲ್ಲಿ ಬಂದವರು ಬಿತ್ತನೆಗೆ ಆಗಲೇ ತಡವಾಗಿದ್ದರು. ಮುಸುಕಿನ ಜೋಳ, ಬಾರ್ಲಿ, ರೈ, ಆಲೂಗಡ್ಡೆ, ಅವರೆ ಜಾತಿಯ ಕಾಳುಗಳನ್ನು ಬಿತ್ತಿದರೂ ನೆಲವನ್ನು ಬಲ್ಲವರು ಕಡಿಮೆ. ಸುಗ್ಗಿಯ ಕಾಲಕ್ಕೆ ಆಲ್ಕಾಟ್ ಮತ್ತು ಲೇನ್ ಹೊಸ ಸದಸ್ಯರನ್ನು ಹುಡುಕಲು ನ್ಯೂಯಾರ್ಕ್ ಮುಂತಾದ ಕಡೆಗಳಿಗೆ ಪ್ರವಾಸ ಹೊರಟರು. ಕೊಯ್ದಿಟ್ಟ ಬಾರ್ಲಿ ಹೊಲದಲ್ಲೇ ಇದ್ದಾಗ ಬಿರುಗಾಳಿ ಮಳೆ ಬರುವಂತಾಯಿತೆಂದೂ, ಆಲ್ಕಾಟ್ ಅವರ ಪತ್ನಿ ಅಬಿಗೇಲ್ ಮಕ್ಕಳನ್ನು ಕರೆದುಕೊಂಡು ಬುಟ್ಟಿಗಳಲ್ಲಿಯೂ ಹೊದಿಕೆಗಳಲ್ಲಿಯೂ ತುಂಬಿ ಅದನ್ನು ಕಣಜಕ್ಕೆ ಸಾಗಿಸಿದರೆಂದೂ ಲೂಯಿಸಾ ಅವರು 1873ರಲ್ಲಿ ಪ್ರಕಟಿಸಿದ ‘ಟ್ರಾನ್ಸೆಂಡೆಂಟಲ್ ವೈಲ್ಡ್ ಓಟ್ಸ್’ ಎಂಬ ವಿಡಂಬನ ಕಥನದಲ್ಲಿದೆ. ಅದು ಹೆಸರುಗಳನ್ನು ಬದಲಿಸಿ ಬರೆದ ಕಥೆ; ಪ್ರತಿಯೊಂದು ವಿವರವನ್ನೂ ದಾಖಲೆಯೆಂದು ಹಿಡಿಯಲಾಗದು. ಆದರೆ ಮನೆಯ ದುಡಿಮೆಯ ಭಾರ ಯಾರ ಮೇಲಿತ್ತು ಎಂಬುದರಲ್ಲಿ ಅಬಿಗೇಲ್ ಅವರ ಸ್ವಂತ ಬರಹಗಳೂ ಈ ಕಥೆಯೂ ಒಂದೇ ಮಾತು ಹೇಳುತ್ತವೆ. ಆನ್ ಪೇಜ್ ಎಂಬ ಮತ್ತೊಬ್ಬ ಮಹಿಳೆ ಬಿಟ್ಟುಹೋದ ಮೇಲೆ ಅಡುಗೆ, ಒಗೆತ, ಹೊಲಿಗೆ ಎಲ್ಲವೂ ಅಬಿಗೇಲ್ ಮತ್ತು ಅವರ ಮಕ್ಕಳ ಪಾಲಾದವು.

ಚಳಿಗಾಲದ ದಿನಚರಿ

ಇಲ್ಲಿಯ ದಿನಚರಿಯ ಕುರಿತು ನಮಗಿರುವ ಅತ್ಯಮೂಲ್ಯ ಆಕರ ಲೂಯಿಸಾ ಬಾಲ್ಯದಲ್ಲಿ ಬರೆದ ದಿನಚರಿಯ ಉಳಿದ ಪುಟಗಳು. ಆಗ ಅವಳಿಗೆ ಹತ್ತು ವರ್ಷ. ನವೆಂಬರ್ 29ಕ್ಕೆ ಹನ್ನೊಂದು ತುಂಬಿತು. ಅದೇ ದಿನ ಅವಳ ತಂದೆಯ ಜನ್ಮದಿನವೂ ಹೌದು. ಮಕ್ಕಳು ನಸುಕಿನಲ್ಲಿ ಐದು ಗಂಟೆಗೆ ಏಳುತ್ತಿದ್ದರು. ಮೊದಲು ತಣ್ಣೀರಿನ ಸ್ನಾನ, ಆಮೇಲೆ ಲೇನ್ ಅವರಿಂದ ಸಂಗೀತಪಾಠ, ರೊಟ್ಟಿ ಹಣ್ಣುಗಳ ಉಪಾಹಾರ. ನಂತರ ಪಾಠ, ಮನೆಗೆಲಸ, ಆಟ. ಸಂಜೆ ಹಿರಿಯರೊಡನೆ ಆತ್ಮವಿಮರ್ಶೆಯ ಸಂಭಾಷಣೆ. ಅಕ್ಟೋಬರಿನಲ್ಲಿ ಮನೆಯವರೆಲ್ಲ ಕಣಜದಲ್ಲಿ ಕುಳಿತು ರಾತ್ರಿ ಎಂಟರವರೆಗೆ ಜೋಳದ ತೆನೆಗಳ ಸಿಪ್ಪೆ ಸುಲಿದುದನ್ನು ಅವಳು ಸಂತೋಷದಿಂದ ಬರೆದಿದ್ದಾಳೆ. ಆ ರಾತ್ರಿ ದೀಪಗಳಿದ್ದವು ಎಂಬುದನ್ನೂ ಗುರುತಿಸಿದ್ದಾಳೆ. ಅಂದಿನ ದೀಪಗಳಿಗೆ ತಿಮಿಂಗಿಲದ ಎಣ್ಣೆ, ಬತ್ತಿಗಳಿಗೆ ಪ್ರಾಣಿಗಳ ಕೊಬ್ಬು ಸಾಮಾನ್ಯವಾಗಿ ಬೇಕಾಗಿದ್ದ ಕಾರಣ ಬೆಳಕು ಕೂಡ ಇಲ್ಲಿ ಧರ್ಮಸಂಕಟದ ವಸ್ತುವಾಗಿತ್ತು. ಹಗಲು ಕುಗ್ಗಿ ಸಂಜೆ ನಾಲ್ಕೂವರೆಗೇ ಕತ್ತಲಾಗುವ ಡಿಸೆಂಬರಿನಲ್ಲಿ ಓದು, ಹೊಲಿಗೆ, ಸಂಭಾಷಣೆ ಎಲ್ಲವೂ ದೀಪವನ್ನೇ ಅವಲಂಬಿಸುತ್ತವೆ.

ಸೌದೆ ಇನ್ನೊಂದು ಸಮಸ್ಯೆ. ಆ ಕಾಲದ ತೆರೆದ ಅಗ್ಗಿಷ್ಟಿಕೆಗಳಲ್ಲಿ ಬಿಸಿಯ ಬಹುಪಾಲು ಹೊಗೆಗೂಡಿನಿಂದ ಹೊರಗೆ ಹೋಗುತ್ತಿತ್ತು. ಆ ಪ್ರದೇಶದಲ್ಲಿ ಸೌದೆಯನ್ನು ‘ಕಾರ್ಡ್’ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಕಾರ್ಡ್ ಎಂದರೆ 128 ಘನ ಅಡಿಗಳ ರಾಶಿ. ಒಂದು ತೋಟದ ಮನೆಗೆ ವರ್ಷಕ್ಕೆ ಇಪ್ಪತ್ತು ಕಾರ್ಡ್‌ಗೂ ಮೀರಿ ಬೇಕಾಗುತ್ತಿದ್ದುದುಂಟು. ಕಾಡು ಹತ್ತಿರವಿದ್ದ ಮಾತ್ರಕ್ಕೆ ಸಾಲದು. ಹಸಿ ಮರ ಚೆನ್ನಾಗಿ ಉರಿಯುವುದಿಲ್ಲವಾದ್ದರಿಂದ ರೈತರು ಒಂದು ಚಳಿಗಾಲದಲ್ಲಿ ಕಡಿದುದನ್ನು ಒಣಗಿಸಿ ಮುಂದಿನ ಚಳಿಗಾಲಕ್ಕೆ ಉರಿಸುತ್ತಿದ್ದರು. ಮಂಜಿನ ಮೇಲೆ ಜಾರುಬಂಡಿಯಲ್ಲಿ ದಿಮ್ಮಿಗಳನ್ನು ಎಳೆದು ತರಲು ಎತ್ತುಗಳಿದ್ದವು. ಬೇಸಿಗೆಯಲ್ಲಿ ಬಂದವರಿಗೆ ಹಿಂದಿನ ವರ್ಷದ ರಾಶಿ ಎಲ್ಲಿಂದ ಬರಬೇಕು?

ಡಿಸೆಂಬರ್ ಹೊತ್ತಿಗೆ ಉಳಿದಿದ್ದವರು ಬಹುಮಟ್ಟಿಗೆ ಆಲ್ಕಾಟ್ ಕುಟುಂಬದ ಆರು ಮಂದಿ, ಲೇನ್ ಮತ್ತು ಅವರ ಮಗ. ಆಹಾರ ಮತ್ತು ಸೌದೆ ಎರಡೂ ಇಳಿಯುತ್ತಿದ್ದವು. ಜಮೀನಿನ ಬಾಕಿ ಕಂತಿಗೆ ಹೊಣೆಯಾಗಿದ್ದ ಅಬಿಗೇಲ್ ಅವರ ಸಹೋದರ ಸ್ಯಾಮ್ಯುಯೆಲ್ ಮೇ ಹಣ ಕೊಡಲು ನಿರಾಕರಿಸಿದ್ದರು.

ನೆರೆಯ ಶೇಕರ್ ಗ್ರಾಮ

ಇದೇ ಹಾರ್ವರ್ಡ್‌ನಲ್ಲಿ, ಕೆಲವೇ ಮೈಲಿಗಳ ದೂರದಲ್ಲಿ, ಶೇಕರ್ ಪಂಥದವರ ಗ್ರಾಮವೊಂದು 1790ರ ದಶಕದಿಂದ ನಡೆದುಬಂದಿತ್ತು. ಅದೇ ಮಂಜು, ಅದೇ ಕಲ್ಲುನೆಲ. ಶೇಕರರು ಬ್ರಹ್ಮಚರ್ಯ ಪಾಲಿಸುತ್ತಿದ್ದರು, ಆಸ್ತಿಯನ್ನು ಸಾಮುದಾಯಿಕವಾಗಿ ಹೊಂದಿದ್ದರು. ಅವರು ದನ ಕುರಿಗಳನ್ನು ಸಾಕುತ್ತಿದ್ದರು. ಕೋಣೆಗಳಲ್ಲಿ ಎರಕದ ಕಬ್ಬಿಣದ ಮುಚ್ಚಿದ ಒಲೆಗಳನ್ನು ಬಳಸುತ್ತಿದ್ದರು. ಹೊಲದ ಕೆಲಸ ನಿಂತಾಗ ಕೈಗಳು ನಿಲ್ಲುತ್ತಿರಲಿಲ್ಲ: ಪೊರಕೆ ಕಟ್ಟುವುದು, ಬಿತ್ತನೆ ಬೀಜಗಳನ್ನು ಕಾಗದದ ಪೊಟ್ಟಣಗಳಲ್ಲಿ ತುಂಬುವುದು, ಔಷಧಿ ಮೂಲಿಕೆಗಳನ್ನು ಕಟ್ಟುವುದು, ನೇಯ್ಗೆ, ಮರಗೆಲಸ. ಗಂಡುಮಕ್ಕಳ ಶಾಲೆಯೂ ಚಳಿಗಾಲದಲ್ಲೇ, ಹೆಣ್ಣುಮಕ್ಕಳದು ಬೇಸಿಗೆಯಲ್ಲಿ. ಮಾರಿ ಬಂದ ಹಣ ಮುಂದಿನ ವರ್ಷಕ್ಕೆ ಆಧಾರ. ಫ್ರೂಟ್‌ಲ್ಯಾಂಡ್ಸ್‌ನವರು ವ್ಯಾಪಾರವನ್ನೇ ದೂರವಿಡಲು ಬಯಸಿದ್ದುದರಿಂದ ಚಳಿಗಾಲವನ್ನು ದುಡಿಮೆಯ ಋತುವಾಗಿ ಬಳಸುವ ಈ ದಾರಿ ಅವರಿಗೆ ತೆರೆದಿರಲಿಲ್ಲ.

ಲೇನ್ ಶೇಕರರನ್ನು ಮೆಚ್ಚಿ, ಅವರ ಕುರಿತು ‘ದಿ ಡಯಲ್’ ಪತ್ರಿಕೆಯಲ್ಲಿ ಬರೆದರು. ಅದೇ ಗ್ರಾಮವನ್ನು ನೋಡಿದ ಅಬಿಗೇಲ್ ಅವರ ಕಣ್ಣಿಗೆ ಬಿದ್ದದ್ದು ಬೇರೆ: ಅಲ್ಲಿಯ ಗಂಡಸರ ಮುಖದಲ್ಲಿ ನೆಮ್ಮದಿ, ಹೆಂಗಸರಲ್ಲಿ ಬಿಗುಮಾನ. ಈ ಎರಡು ನೋಟಗಳ ಅಂತರದಲ್ಲಿಯೇ ಮುಂದಿನ ಜಗಳದ ಬೀಜವಿತ್ತೆನ್ನಬಹುದು.

ವಿಘಟನೆ

ವಿಶಾಲ ಸಮುದಾಯವೇ ಕುಟುಂಬವಾಗಬೇಕಾದರೆ ರಕ್ತಸಂಬಂಧದ ಕುಟುಂಬ ಕರಗಬೇಕು ಎಂಬುದು ಲೇನ್ ಅವರ ನಿಲುವು. ನವೆಂಬರಿನಲ್ಲಿ ಅಬಿಗೇಲ್ ತಾವು ಮಕ್ಕಳೊಂದಿಗೆ, ಮನೆಯ ಪೀಠೋಪಕರಣಗಳನ್ನೂ ತೆಗೆದುಕೊಂಡು, ಬಂಧುಮಿತ್ರರು ಏರ್ಪಡಿಸುವ ಮನೆಗೆ ಹೋಗುವುದಾಗಿ ತಿಳಿಸಿದರು. ಆಲ್ಕಾಟ್ ಅವರು ಆದರ್ಶವನ್ನು ಹಿಡಿಯಬೇಕೋ ಹೆಂಡತಿ ಮಕ್ಕಳನ್ನೋ ಎಂಬ ಇಕ್ಕಟ್ಟಿನಲ್ಲಿ ಸಿಕ್ಕಿದರು. ಡಿಸೆಂಬರಿನ ಒಂದು ರಾತ್ರಿ ತಂದೆ ತಾಯಿ ತನ್ನೊಡನೆಯೂ ಅಕ್ಕ ಆನಾಳೊಡನೆಯೂ ಬಹಳ ಹೊತ್ತು ಮಾತಾಡಿದರೆಂದೂ, ಎಲ್ಲರೂ ಅತ್ತರೆಂದೂ, ತಾವೆಲ್ಲ ಒಟ್ಟಿಗೇ ಇರುವಂತಾಗಲಿ ಎಂದು ತಾನು ದೇವರಲ್ಲಿ ಬೇಡಿಕೊಂಡೆನೆಂದೂ ಲೂಯಿಸಾಳ ದಿನಚರಿ ಹೇಳುತ್ತದೆ.

1844ರ ಜನವರಿ ಆರಂಭದಲ್ಲಿ ಲೇನ್ ಮಗನೊಂದಿಗೆ ಶೇಕರ್ ಗ್ರಾಮಕ್ಕೆ ಹೊರಟುಹೋದರು. ಆಲ್ಕಾಟ್ ಅವರು ಆಹಾರವನ್ನು ಬಿಟ್ಟು ಹಾಸಿಗೆ ಹಿಡಿದರು. ಕೆಲವು ದಿನಗಳ ನಂತರ ಚೇತರಿಸಿಕೊಂಡರು. ತಿಂಗಳ ಮಧ್ಯಭಾಗದಲ್ಲಿ ಕುಟುಂಬವು ಹತ್ತಿರದ ಸ್ಟಿಲ್ ರಿವರ್ ಎಂಬಲ್ಲಿ ಬಾಡಿಗೆ ಕೋಣೆಗಳಿಗೆ ಸ್ಥಳಾಂತರಗೊಂಡಿತು.

ನಂತರದ ಕಾಲ

ಜಮೀನನ್ನು ಎತ್ತು ತಂದಿದ್ದ ಜೋಸೆಫ್ ಪಾಮರ್ ಅವರೇ ಕೊಂಡು, ‘ಫ್ರೀಲ್ಯಾಂಡ್ಸ್’ ಎಂದು ಹೆಸರಿಟ್ಟು, ದಾರಿಹೋಕರಿಗೆ ಆಶ್ರಯ ಕೊಡುತ್ತ ಅನೇಕ ವರ್ಷ ಅಲ್ಲಿ ಬಾಳಿದರು. 1910ರ ಸುಮಾರಿಗೆ ಲೇಖಕಿ ಕ್ಲಾರಾ ಎಂಡಿಕಾಟ್ ಸಿಯರ್ಸ್ ಈ ಸ್ಥಳವನ್ನು ಕೊಂಡು, ಹಳೆಯ ಮನೆಯನ್ನು ದುರಸ್ತಿ ಮಾಡಿಸಿ 1914ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ಹಾರ್ವರ್ಡ್‌ನ ಶೇಕರ್ ಗ್ರಾಮವು 1918ರಲ್ಲಿ ಮುಚ್ಚಿದ ಬಳಿಕ ಅಲ್ಲಿಯ ಒಂದು ಕಟ್ಟಡವನ್ನೂ ಈ ಆವರಣಕ್ಕೆ ತಂದು ನಿಲ್ಲಿಸಲಾಯಿತು. ಆಲ್ಕಾಟ್ ಕುಟುಂಬ ವಾಸಿಸಿದ್ದ ಮನೆಯನ್ನೂ ಶೇಕರ್ ಕಟ್ಟಡವನ್ನೂ ಇಂದು ಒಂದೇ ಆವರಣದಲ್ಲಿ ನೋಡಬಹುದು.