ರೇಷ್ಮೆಹುಳುವಿನ ನಿರ್ನಾಳ ಗ್ರಂಥಿಗಳು

ಬ್ರಹ್ಮಗಿರಿಯು ಅಶೋಕನ ಶಾಸನದಿಂದ ಪ್ರಸಿದ್ಧವಾದುದು. ಅದಿರುವ ಮೊಳಕಾಲ್ಮೂರು ತಾಲ್ಲೂಕು ರೇಷ್ಮೆಸೀರೆಯ ನೆಯ್ಗೆಯಿಂದಲೂ ಹೆಸರಾಗಿದೆ. ಆ ಸೀರೆಯ ಎಳೆಯು ಒಂದು ಗ್ರಂಥಿಯ ಸ್ರಾವವೇ. ಆದರೆ ಆ ಸ್ರಾವವು ಯಾವಾಗ ಹೊರಬೀಳಬೇಕೆಂಬುದನ್ನು ನಿರ್ಣಯಿಸತಕ್ಕವು ಬೇರೆ ಗ್ರಂಥಿಗಳು. ಈ ಎರಡು ಬಗೆಯ ಭೇದವನ್ನು ತಿಳಿದರೆ, ನಮ್ಮ ಶರೀರದಲ್ಲಿ ಹಾರ್ಮೋನುಗಳು ನಡೆಯಿಸುವ ವ್ಯಾಪಾರವೂ ಸುಲಭವಾಗಿ ಮನದಟ್ಟಾಗುವುದು.

ರೇಷ್ಮೆಯ ಗ್ರಂಥಿಗೆ ನಾಳವುಂಟು. ದ್ರವವು ಆ ನಾಳದಲ್ಲಿ ಹರಿದು, ಬಾಯಿಯ ಕೆಳಗಿನ ರಂಧ್ರದಿಂದ ಎಳೆಯಾಗಿ ಹೊರಬರುತ್ತದೆ. ನಮ್ಮ ಲಾಲಾಗ್ರಂಥಿಯೂ ಈ ಜಾತಿಯದೇ. ನಿರ್ನಾಳ ಗ್ರಂಥಿಗಳಾದರೋ ತಮ್ಮ ಸ್ರಾವವನ್ನು ನೇರವಾಗಿ ರಕ್ತಕ್ಕೆ ಸೇರಿಸುತ್ತವೆ. ಈ ಸ್ರಾವವೇ ಹಾರ್ಮೋನು. ರಕ್ತವು ಅದನ್ನು ಎಲ್ಲ ಅಂಗಗಳಿಗೂ ಒಯ್ದರೂ, ಅದನ್ನು ಗುರುತಿಸಬಲ್ಲ ಜೀವಕಣಗಳು ಮಾತ್ರ ಅದಕ್ಕೆ ಓಗೊಡುತ್ತವೆ. ಅತ್ಯಲ್ಪ ಪ್ರಮಾಣವೇ ಸಾಕು. 1954ರಲ್ಲಿ ಬುಟೆನಾಂಟ್ ಮತ್ತು ಕಾರ್ಲ್ಸನ್ ಎಂಬ ಜರ್ಮನ್ ವಿಜ್ಞಾನಿಗಳಿಗೆ 500 ಕಿಲೋಗ್ರಾಂ ರೇಷ್ಮೆಕೋಶದ ಹುಳುಗಳಿಂದ ದೊರೆತ ಎಕ್ಡೈಸೋನ್ ಎಂಬ ಹಾರ್ಮೋನಿನ ಹರಳು 25 ಮಿಲಿಗ್ರಾಂ ಮಾತ್ರ.

ಹುಳುವು ನಾಲ್ಕು ಸಲ ಪೊರೆ ಕಳಚುತ್ತದೆ. ಸಾಕುವವರು ಇದನ್ನು ಜ್ವರವೆನ್ನುವರು. ಮಿದುಳಿನಿಂದ ಪ್ರೇರಣೆ ಬಂದೊಡನೆ ಎದೆಯ ಭಾಗದ ಗ್ರಂಥಿಗಳು ಎಕ್ಡೈಸೋನನ್ನು ಸ್ರವಿಸಿ ಪೊರೆಯನ್ನು ಕಳಚಿಸುತ್ತವೆ. ಮಿದುಳಿನ ಹಿಂದೆ ಇನ್ನೊಂದು ಜೋಡಿ ಗ್ರಂಥಿಗಳಿವೆ. ಅವುಗಳ ಬಾಲ್ಯ ಹಾರ್ಮೋನು ರಕ್ತದಲ್ಲಿ ತುಂಬಿರುವ ತನಕ ಹುಳುವು ಪೊರೆ ಕಳಚಿಯೂ ಹುಳುವಾಗಿಯೇ ಉಳಿಯುವುದು. ಐದನೆಯ ಹಂತದಲ್ಲಿ ಅದು ಇಳಿದ ಮೇಲೆ, ಅದೇ ಎಕ್ಡೈಸೋನು ಹುಳುವನ್ನು ಹಣ್ಣುಮಾಡಿ ಗೂಡು ಕಟ್ಟಿಸುತ್ತದೆ. ಜಪಾನಿನ ಫುಕುಡ ಎಂಬವರು ಹುಳುವನ್ನು ಎದೆಯ ಹಿಂದೆ ದಾರದಿಂದ ಬಿಗಿದು ನೋಡಲು, ಮುಂಭಾಗವು ಮಾತ್ರ ರೂಪಾಂತರ ಹೊಂದಿ, ಹಿಂಭಾಗವು ಹುಳುವಾಗಿಯೇ ಉಳಿಯಿತು. ಹೀಗೆ 1940ರ ವೇಳೆಗೆ ಎದೆಯ ಗ್ರಂಥಿಗಳ ಕಾರ್ಯವು ಸಿದ್ಧಪಟ್ಟಿತು.

ಮನುಷ್ಯನಲ್ಲಿಯೂ ಕ್ರಮವು ಇಂತಹುದೇ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಕೊರಳಿನ ಥೈರಾಯ್ಡ್ ಗ್ರಂಥಿಯನ್ನು ಪ್ರೇರಿಸುತ್ತದೆ. ಥೈರಾಕ್ಸಿನ್ ಹೆಚ್ಚಿದರೆ ಆ ಪ್ರೇರಣೆಯು ತಾನಾಗಿಯೇ ತಗ್ಗುತ್ತದೆ. ಶೈಶವದಲ್ಲಿ ಈ ಹಾರ್ಮೋನು ಸಾಲದೆ ಹೋಗಿ, ಸಕಾಲದಲ್ಲಿ ಚಿಕಿತ್ಸೆಯೂ ದೊರೆಯದಿದ್ದರೆ, ದೇಹವೂ ಬುದ್ಧಿಯೂ ಕುಂಠಿತವಾಗುವುವು. ಹಾರ್ಮೋನಿನ ಪ್ರಮಾಣದಷ್ಟೇ ಅದರ ಕಾಲವೂ ಮುಖ್ಯವೆಂಬುದು ಇದರಿಂದ ಸ್ಪಷ್ಟ.

ಈ ಜ್ಞಾನವು ಕೇವಲ ಕುತೂಹಲಕ್ಕಲ್ಲ. ಕೆಲವು ಕೀಟನಾಶಕಗಳು ಬಾಲ್ಯ ಹಾರ್ಮೋನನ್ನೇ ಅನುಕರಿಸುವಂಥವು. ನೆರೆಹೊಲದಲ್ಲಿ ಸಿಂಪಡಿಸಿದ ಅಂತಹ ದ್ರವ್ಯವು ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ, ಅದನ್ನು ಮೇಯ್ದ ಹುಳುವು ಒಡನೆ ಸಾಯದು. ಸೊಪ್ಪನ್ನು ತಿನ್ನುತ್ತಲೇ ಇದ್ದು, ಗೂಡನ್ನು ಮಾತ್ರ ಕಟ್ಟದೆ ಹೋಗಬಹುದು. ಚಂದ್ರಿಕೆಯು ಬರಿದಾಗಿ, ಸಾಕಿದವನ ಸೊಪ್ಪೂ ದುಡಿಮೆಯೂ ವ್ಯರ್ಥವಾಗುವುವು. ರೋಗದ ಗುರುತಿಲ್ಲದೆ ಹುಳುಗಳು ಹಣ್ಣಾಗದಿದ್ದಲ್ಲಿ, ಹುಳುವನ್ನಷ್ಟೇ ಅಲ್ಲದೆ ಸೊಪ್ಪನ್ನೂ ಸುತ್ತಲಿನ ಹೊಲಗಳನ್ನೂ ವಿಚಾರಿಸತಕ್ಕುದು.