ಮಿಲಿಟರಿ ಮುಗಿಸಿ ಬಂದವರು ಮೌನವಾದರೆ...

ಕೊಡಗಿನಲ್ಲಿ ಮಿಲಿಟರಿ ನಂಟಿಲ್ಲದ ಮನೆತನ ಹುಡುಕೋದು ಕಷ್ಟ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ನಾಡಲ್ಲವೇ? ಗಂಡನೋ ಮಗನೋ ಯೂನಿಫಾರ್ಮ್ ತೊಟ್ಟಾಗ ಹೆಮ್ಮೆಪಡುತ್ತೇವೆ. ಆದರೆ ಪೆನ್ಷನ್ ತಗೊಂಡು ಮನೆಗೆ ಬಂದ ಮೇಲೆ ಅವರ ಮನಸ್ಸು ಹೇಗಿದೆ ಅಂತ ಎಷ್ಟು ಜನ ಕೇಳ್ತೀವಿ?

ಎಷ್ಟೋ ಜವಾನರು ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುತ್ತಾರೆ. ಬೆಳಗಿನ ಪರೇಡ್ ಇಲ್ಲ, ಜೊತೆಗಾರರಿಲ್ಲ. ಇತ್ತ ನೀವು ಒಬ್ಬರೇ ಮನೆ ನಡೆಸಿ ಪಳಗಿದ್ದೀರಿ. 'ಇಲ್ಲಿ ನನ್ನ ಅಗತ್ಯವೇ ಇಲ್ಲ' ಅಂತ ಅವರಿಗನ್ನಿಸುವುದು ಇಂಥ ಹೊತ್ತಿನಲ್ಲೇ.

ಗಮನಿಸಿ

* ರಾತ್ರಿ ನಿದ್ದೆಯಿಲ್ಲ, ಸಣ್ಣ ಸದ್ದಿಗೂ ಬೆಚ್ಚುತ್ತಾರೆ.
* ಕುಡಿತ, ಸಿಡುಕು ಹೆಚ್ಚಾಗಿದೆ.
* ಮದುವೆ, ಹಬ್ಬ, ಗೆಳೆಯರು ಯಾವುದೂ ಬೇಡವಾಗಿದೆ.
* 'ನಾನಿಲ್ಲದಿದ್ರೆ ನಿಮಗೆ ಆರಾಮ' ಎನ್ನುತ್ತಾರೆ.

ಕೊನೆಯ ಮಾತನ್ನು ತಮಾಷೆ ಅಂದುಕೊಳ್ಳಬೇಡಿ. 'ಸಾಯಬೇಕು ಅನ್ನಿಸ್ತಿದೆಯಾ?' ಎಂದು ಮೆಲ್ಲಗೆ, ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಒಳಗಿದ್ದದ್ದು ಹೊರಬರಲು ದಾರಿಯಾಗುತ್ತದೆ. ಉಪದೇಶ ಬೇಡ, ಕಿವಿಗೊಡಿ.

ಕೋವಿ ದೂರವಿರಲಿ

ಕೈಲ್‌ಪೊಳ್ದಿಗೆ ಪೂಜೆಗೊಳ್ಳುವ ಕೋವಿ ನಮ್ಮ ಮನೆಗಳ ಗೌರವ. ಹಾಗಿದ್ದರೂ ಮನಸ್ಸು ಕದಡಿದವರ ಕೈಗೆ ಅದು ಸಿಗಬಾರದು. ಕೋವಿ, ತೋಟದ ಔಷಧಿ ಎರಡಕ್ಕೂ ಬೀಗ ಹಾಕಿ, ಕೀಲಿ ಬೇರೆಯವರ ಬಳಿಯಿರಲಿ. ಕೋವಿಯನ್ನು ಕೆಲಕಾಲ ಠಾಣೆಯಲ್ಲಿ ಇಡಬಹುದೇ ಎಂದೂ ವಿಚಾರಿಸಿ. ದುಡುಕಿನ ಆ ಗಳಿಗೆ ದಾಟಿದರೆ ಎಷ್ಟೋ ಜೀವ ಉಳಿಯುತ್ತದೆ.

ಕಾನೂನು ಏನನ್ನುತ್ತೆ?

ಇರಾಕ್‌ನಿಂದ ಮರಳಿ ಆತ್ಮಹತ್ಯೆ ಮಾಡಿಕೊಂಡ ಯೋಧ ಜೋಶುವಾ ಓಮ್ವಿಗ್ ಹೆಸರಿನಲ್ಲಿ ಅಮೆರಿಕ 2007ರಲ್ಲಿ ಕಾನೂನನ್ನೇ ತಂದಿತು. ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಆತ್ಮಹತ್ಯೆ ತಡೆ ಕಾರ್ಯಕ್ರಮ ಕಡ್ಡಾಯವಾಯಿತು. ನಮ್ಮಲ್ಲಿ ಮಾಜಿ ಸೈನಿಕರಿಗೆಂದೇ ಅಂಥ ಕಾಯ್ದೆಯಿಲ್ಲ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಅದು ಭಾವಿಸುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. ಹಿಂದೆ ಜೈಲು ತೋರಿಸುತ್ತಿದ್ದ ಐಪಿಸಿ 309ನೇ ಕಲಂ, 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಳಿದಿಲ್ಲ. ಹಾಗಾಗಿ 'ಪೊಲೀಸ್ ಕೇಸಾದೀತು' ಅಂತ ಆಸ್ಪತ್ರೆಗೆ ಹೋಗಲು ಹಿಂಜರಿಯಬೇಡಿ. ಮೈಯ ಕಾಯಿಲೆಯಂತೆ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕೆಂದೂ ಈ ಕಾಯ್ದೆ ಹೇಳುತ್ತದೆ.

ಎಲ್ಲಿಗೆ ಹೋಗೋದು?

* ಮಾಜಿ ಸೈನಿಕರಿಗೆ 2003ರಲ್ಲಿ ಆರಂಭವಾದ ಇಸಿಎಚ್‌ಎಸ್ ಯೋಜನೆಯಿದೆ. ಮಡಿಕೇರಿಯ ಪಾಲಿಕ್ಲಿನಿಕ್‌ನಲ್ಲಿ ಬಿಪಿ, ಶುಗರ್ ಜೊತೆಗೆ ನಿದ್ದೆಯ ವಿಷಯವನ್ನೂ ಹೇಳಿ, ಮನೋವೈದ್ಯರಿಗೆ ಚೀಟಿ ಬರೆಸಿಕೊಳ್ಳಿ. ಕಾರ್ಡು ಗಂಡನ ಹೆಸರಲ್ಲಿದ್ದರೂ ಅವಲಂಬಿತರಾದ ನಿಮಗೂ ಅದರ ಸೌಲಭ್ಯವಿದೆ.
* ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ಮನೋವೈದ್ಯರನ್ನು ಕಾಣಬಹುದು.
* ಟೆಲಿ ಮಾನಸ್: 14416. ಉಚಿತ, 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.
* ಅಪಾಯ ಕಣ್ಣೆದುರೇ ಇದ್ದರೆ 112ಕ್ಕೆ ಕರೆ ಮಾಡಿ, ಅವರನ್ನು ಒಂಟಿಯಾಗಿ ಬಿಡಬೇಡಿ.

'ಮಿಲಿಟರಿಯವರಿಗೆ ಹುಚ್ಚಾ?' ಅಂತ ನೆಂಟರು ಅಂದರೆ ಅನ್ನಲಿ. ಗುಂಡೇಟಿನ ಗಾಯಕ್ಕೆ ಡಾಕ್ಟರ ಹತ್ತಿರ ಹೋಗಲು ಯಾರೂ ನಾಚುವುದಿಲ್ಲ. ಮನಸ್ಸಿನ ಗಾಯಕ್ಕೆ ಯಾಕೆ ನಾಚಿಕೆ? ಇವತ್ತೇ ಕಾಫಿ ಲೋಟ ಹಿಡಿದು ಅವರ ಪಕ್ಕ ಕೂತುಕೊಳ್ಳಿ, ಮಾತು ಶುರು ಮಾಡಿ.